ಬಾಣ ನೆಟ್ಟ ಮೇಲೂ ಮಾತಾಡುವವರು

"ವಾಲಿ ಯಾರದ್ದು?"

ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಎಲ್ಲಾದರೂ 'ವಾಲಿಮೋಕ್ಷ' ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಹಾಡು, ಮಾತಿನಲ್ಲೇ ನಡೆಯುವ ಯಕ್ಷಗಾನ) ಇದೆ ಅಂತ ಗೊತ್ತಾದರೆ ಜನ ಮೊದಲು ಕೇಳುವುದು ಇದನ್ನೇ. ರಾಮ ಯಾರದ್ದು ಎಂಬುದು ಆಮೇಲಿನ ಮಾತು. ರಾಮನ ಅರ್ಥ, ಅಂದರೆ ಆ ಪಾತ್ರದ ಮಾತು, ಯಾರು ಹೇಳಿದರೂ ನಡೆಯುತ್ತದೆ ಅಂತೇನಲ್ಲ. ಎದುರಿನವರು ಗಟ್ಟಿ ಇಲ್ಲದಿದ್ದರೆ ವಾಲಿಯೂ ಏಳುವುದಿಲ್ಲ. ಆದರೂ ಜನ ಕೆಲಸ ಬಿಟ್ಟು ಬಂದು ಕೂರುವುದು ವಾಲಿಯ ಸಲುವಾಗಿ. ಮರೆಯಿಂದ ಬಂದ ಬಾಣ ಎದೆಗೆ ನೆಟ್ಟಿದೆ, ತಮ್ಮ ಸುಗ್ರೀವ ಪಕ್ಕದಲ್ಲಿ ನಿಂತಿದ್ದಾನೆ, ಯುದ್ಧ ಮುಗಿದುಹೋಗಿದೆ. ಸಿನಿಮಾ ಆಗಿದ್ದರೆ ಇನ್ನೆರಡು ನಿಮಿಷದಲ್ಲಿ ಪರದೆ ಕಪ್ಪಾಗುತ್ತಿತ್ತು. ನಮ್ಮಲ್ಲಿ ಕೂಟ ಕಾವೇರುವುದೇ ಅಲ್ಲಿಂದ. ಬಿದ್ದವನು ಎದ್ದು ಕೂತು ಕೇಳುತ್ತಾನೆ: ನಿನಗೂ ನನಗೂ ಏನು ಹಗೆ ಇತ್ತು? ಎದುರಿಗೆ ಬರಲಿಕ್ಕೆ ಏನಾಗಿತ್ತು?

ಸೋಲುವವನ ಮೇಲೆ ನಮಗೆ ಇಷ್ಟೊಂದು ಮೋಹ ಯಾಕೆ ಎಂಬ ಪ್ರಶ್ನೆ ನನ್ನ ತಲೆಯೊಳಗೆ ಬಹಳ ಕಾಲದಿಂದ ಇದೆ. ಕಾಲೇಜಿನಲ್ಲಿ ಇದಕ್ಕೆ ಸಿದ್ಧ ಉತ್ತರ ಕೊಟ್ಟಿದ್ದರು, ಅರಿಸ್ಟಾಟಲನದ್ದು. ದುರಂತದ ನಾಯಕ ತೀರಾ ಒಳ್ಳೆಯವನೂ ಆಗಿರಬಾರದು, ತೀರಾ ದುಷ್ಟನೂ ಆಗಿರಬಾರದು. ದೊಡ್ಡ ಸ್ಥಾನದಲ್ಲಿದ್ದವನು ಯಾವುದೋ ಒಂದು ತಪ್ಪಿನಿಂದ ಕೆಳಗೆ ಬೀಳಬೇಕು. ಅವನಿಗೆ ಬಂದ ಕಷ್ಟ ಅವನ ಯೋಗ್ಯತೆಗೆ ಮೀರಿದ್ದು ಅನಿಸಿದಾಗ ನಮಗೆ ಕರುಣೆ, ಅವನೂ ನಮ್ಮಂಥವನೇ ಅನಿಸಿದಾಗ ಭಯ. ಎರಡೂ ಸೇರಿ ಮನಸ್ಸು ಶುದ್ಧವಾಗುತ್ತದೆ. ಈಡಿಪಸ್ಸನ ಕಥೆಗೆ ಇದು ಚೆನ್ನಾಗಿಯೇ ಹೊಂದುತ್ತದೆ. ಆದರೆ ವಾಲಿಯ ಎದುರು ಚಾಪೆಯ ಮೇಲೆ ಕೂತವರ ಮುಖ ನೋಡಿದರೆ ನನಗೆ ಇದು ಸಾಲದು ಅನಿಸುತ್ತದೆ. ಅವರಲ್ಲಿ ಕರುಣೆಗೂ ಮೊದಲು ಏಳುವುದು ಬೇರೆಯೇ ಒಂದು ಹುಮ್ಮಸ್ಸು: ಹೇಳು, ಬಿಡಬೇಡ, ಇನ್ನೂ ಒಂದು ಪ್ರಶ್ನೆ ಬಾಕಿ ಇದೆಯಲ್ಲ, ಅದನ್ನೂ ಕೇಳು. ಮನಸ್ಸು ಶುದ್ಧವಾಗಿ ಮನೆಗೆ ಹೋದವರನ್ನಂತೂ ನಾನು ಕಂಡಿಲ್ಲ. ವಾಪಸು ಹೋಗುವ ಜೀಪಿನಲ್ಲಿ ವಾಲಿಯ ಪರ, ರಾಮನ ಪರ ಅಂತ ಜಗಳವೇ ಆಗುತ್ತದೆ.

ಇದರ ಗುಟ್ಟು ಇರುವುದು ತಾಳಮದ್ದಳೆಯ ಕಟ್ಟಿನಲ್ಲಿ. ಭಾಗವತರು ಹಾಡುವ ಪದಗಳನ್ನು ಪ್ರಸಂಗಕರ್ತ ಬರೆದಿಟ್ಟಿದ್ದಾನೆ. ವಾಲಿ ಸಾಯಲೇಬೇಕು. ಕಣಿಪುರದ ಗೋಪಾಲಕೃಷ್ಣನ ಭಕ್ತ, ಕುಂಬಳೆಯ ಪಾರ್ತಿಸುಬ್ಬ ಬರೆದ ರಾಮಾಯಣವನ್ನು ಯಾವ ಅರ್ಥಧಾರಿಗೂ ತಿದ್ದುವ ಅಧಿಕಾರ ಇಲ್ಲ. ಆದರೆ ಪದಕ್ಕೂ ಪದಕ್ಕೂ ನಡುವೆ ಆಡುವ ಮಾತನ್ನು ಯಾರೂ ಬರೆದಿಟ್ಟಿಲ್ಲ. ಅದು ಆ ರಾತ್ರಿ, ಆ ಇಬ್ಬರ ನಡುವೆ ಹುಟ್ಟಬೇಕು. ಸೋಲು ನಿಶ್ಚಿತ, ವಾದ ಮಾತ್ರ ಮುಕ್ತ. ಕೊನೆ ಏನೆಂದು ಮಕ್ಕಳಿಗೂ ಗೊತ್ತಿರುವ ಕಥೆಗೆ ಜನ ಮತ್ತೆ ಮತ್ತೆ ಬರುವುದು ಇದಕ್ಕೇ. ಬಾಣದಲ್ಲಿ ಸೋತವನು ಇವತ್ತು ಮಾತಿನಲ್ಲೂ ಸೋಲುತ್ತಾನೋ ಇಲ್ಲವೋ ಎಂಬುದು ಕೂಟ ಮುಗಿಯುವವರೆಗೂ ಯಾರಿಗೂ ಗೊತ್ತಿಲ್ಲ.

ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಇಂಥ ಪಾತ್ರಗಳಿಗೇ ಹೆಸರಾದವರು: ವಾಲಿ, ರಾವಣ, ಮಾಗಧ (ಜರಾಸಂಧ), ಕೌರವ. ಎಲ್ಲವೂ ಪ್ರಸಂಗದ ಕೊನೆಗೆ ಉಳಿಯದ ಪಾತ್ರಗಳು. ನಮ್ಮ ಜಿಲ್ಲೆಯ ಒಂದು ಊರಿನ ಹೆಸರನ್ನು ಕರಾವಳಿಯಿಡೀ ಮನೆಮಾತು ಮಾಡಿದ ಕಲಾವಿದನಿಗೆ ಗೆಲ್ಲುವವರಿಗಿಂತ ಬೀಳುವವರೇ ಒಗ್ಗಿದರು ಎಂಬುದನ್ನು ನಾನು ಆಕಸ್ಮಿಕ ಎಂದುಕೊಳ್ಳುವುದಿಲ್ಲ. ಗೆದ್ದವನಿಗೆ ಸಮಜಾಯಿಷಿ ಕೊಡುವ ಹಂಗಿಲ್ಲ, ಅವನ ಪರವಾಗಿ ಫಲಿತಾಂಶವೇ ಮಾತಾಡುತ್ತದೆ. ಮಾತು ಬೇಕಾಗುವುದು ಸೋತವನಿಗೆ.

ನಮ್ಮ ಬದುಕಿನಲ್ಲಿ ಆಗುವುದೇನು? ಪಾಲುಪಟ್ಟಿ ಆಗುವ ದಿನ ತೋಟದ ಕೆಳಗಿನ ಬರಡು ಭಾಗ ಪಾಲಿಗೆ ಬಂದವನು ಸಹಿ ಹಾಕಿ ಎದ್ದು ಬರುತ್ತಾನೆ. ಹೇಳಬೇಕಾದ್ದು ಎಷ್ಟೋ ಇರುತ್ತದೆ, ಹಿರಿಯರು "ಇರಲಿ ಮಾರಾಯ, ಮುಗಿಸುವ" ಅನ್ನುತ್ತಾರೆ. ಸಂದರ್ಶನದಲ್ಲಿ ಕೈಬಿಟ್ಟವರು ಕಾರಣ ಹೇಳುವುದಿಲ್ಲ. ಅಡಿಕೆಗೆ ಕೊಳೆರೋಗ ಬಂದು ಸಾಲ ತೀರಿಸಲಾಗದವನ ಮನೆಗೆ ನೋಟಿಸು ಬರುತ್ತದೆ, ಆ ವರ್ಷ ಮಳೆ ಎಷ್ಟು ಬಿತ್ತು ಎಂಬ ಪ್ರಶ್ನೆ ಅದರಲ್ಲಿ ಇರುವುದಿಲ್ಲ. ಹೀಗೆ ಬಾಯಿ ಮುಚ್ಚಿಕೊಂಡು ಎದ್ದು ಬಂದವರೇ ಆ ಚಾಪೆಯ ಮೇಲೆ ಕೂತಿರುವುದು. ಎದೆಯಲ್ಲಿ ಬಾಣ ಇಟ್ಟುಕೊಂಡು ದೇವರನ್ನೇ ಪ್ರಶ್ನೆ ಕೇಳುವವನೊಬ್ಬ ಎದುರಿಗಿದ್ದಾನೆ. ಆ ದೇವರು ಉತ್ತರ ಕೊಡಲೇಬೇಕು, ಎದ್ದು ಹೋಗುವ ಹಾಗಿಲ್ಲ.

ಕನ್ನಡಕ್ಕೆ ಈ ಗುಣ ಯಕ್ಷಗಾನದಿಂದ ಬಂದದ್ದಲ್ಲ, ಅದು ಬಹಳ ಹಳೆಯದು. ಪಂಪ ಭಾರತ ಬರೆದದ್ದು ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನಿಗೆ ಸಮೀಕರಿಸಿ. ಕಾವ್ಯದ ಹೆಸರಲ್ಲೇ ಅರ್ಜುನನ ವಿಜಯ ಇದೆ. ಅಂಥ ಕಾವ್ಯದೊಳಗೆ ಕರ್ಣ ಬಿದ್ದ ಜಾಗಕ್ಕೆ ಬಂದಾಗ, ಭಾರತದಲ್ಲಿ ಒಬ್ಬನನ್ನೇ ನೆನೆಯುವುದಾದರೆ "ಕರ್ಣನಂ ನೆನೆಯ" ಅನ್ನುತ್ತಾನೆ. ಆಸ್ಥಾನದಲ್ಲಿ ಕೂತ ಅರಿಕೇಸರಿಗೆ ಆಗ ಏನನಿಸಿತ್ತೋ!

ರನ್ನ ಇನ್ನೂ ಮುಂದೆ ಹೋದ. ಗದಾಯುದ್ಧದಲ್ಲಿ ಅವನೂ ತನ್ನ ದೊರೆ ಸತ್ಯಾಶ್ರಯನನ್ನು ಭೀಮನಾಗಿ ಕಂಡವನೇ. ಆದರೆ ನಾವು ಆ ಕಾವ್ಯದಿಂದ ನೆನಪಿಟ್ಟುಕೊಂಡದ್ದೆಲ್ಲ ದುರ್ಯೋಧನನ ಮಾತುಗಳನ್ನು. ಹದಿನೆಂಟನೆಯ ದಿನ ಅವನು ಸಂಜಯನ ಜೊತೆ ಹೆಣಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ನಡೆಯುತ್ತಾನೆ. ದಾರಿಯಲ್ಲಿ ಅಭಿಮನ್ಯುವಿನ ಹೆಣ ಸಿಗುತ್ತದೆ. ಹಗೆಯ ಮಗ. ಅವನಿಗೆ ಕೈಮುಗಿದು, ನಿನ್ನಂಥ ಸಾವಿನ ಒಂದು ಪಾಲಾದರೂ ನನಗೆ ಬರಲಿ ಎಂದು ಕೇಳಿಕೊಳ್ಳುತ್ತಾನೆ. ಮುಂದೆ ಸ್ವಂತ ಮಗ ಲಕ್ಷಣಕುಮಾರ. ಮಗ ಅಪ್ಪನಿಗೆ ನೀರು ಬಿಡುವುದು ಕ್ರಮ, ನಾನು ನಿನಗೆ ಬಿಡುವ ಹಾಗಾಯಿತಲ್ಲ, ಹೀಗೆ ಕ್ರಮ ತಪ್ಪಿಸಬಹುದೇ ಎಂದು ಹೆಣವನ್ನು ಗದರುವ ಧಾಟಿಯಲ್ಲಿ ಅಳುತ್ತಾನೆ. ಆಮೇಲೆ ಕರ್ಣ. ನೀನು ಯಾರೆಂದು ನನಗೆ ಗೊತ್ತು, ಕುಂತಿಗೆ ಗೊತ್ತು, ಕೃಷ್ಣನಿಗೆ, ಸೂರ್ಯನಿಗೆ, ಸಹದೇವನಿಗೆ ಗೊತ್ತು, ಉಳಿದ ಯಾರಿಗೂ ಗೊತ್ತಿಲ್ಲ ಅನ್ನುತ್ತಾನೆ. ಈ ಪದ್ಯ ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ಅಂದರೆ ಇವನಿಗೆ ಮೊದಲೇ ಗೊತ್ತಿತ್ತು! ಗೊತ್ತಿದ್ದೂ ಒಂದು ದಿನವೂ ಬಾಯಿಬಿಡಲಿಲ್ಲ.

ಇನ್ನು ಸಂಧಿ ಮಾಡಿಕೊ ಎಂದು ಭೀಷ್ಮ ಹೇಳಿದಾಗ ಅವನ ಉತ್ತರ: ನಾನು ನೆಲಕ್ಕಾಗಿ ಕಾದುತ್ತಿಲ್ಲ, "ಚಲಕಿರಿವೆಂ". ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಹಾಳುನೆಲ, ಇದರ ಜೊತೆ ಮತ್ತೆ ಬಾಳುವೆನೇ? ಕೊನೆಗೆ ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ಆ ಒಂದು ದಿನ ಕಳೆದರೆ ಬಲರಾಮ, ಕೃಪ, ಅಶ್ವತ್ಥಾಮರು ಬಂದು ಕೂಡಿಕೊಳ್ಳುತ್ತಾರೆ. ಸುಮ್ಮನೆ ನೀರಿನಲ್ಲಿ ಕೂತಿದ್ದರೆ ಸಾಕು. ದಡದಿಂದ ಭೀಮನ ಮೂದಲಿಕೆ ಕೇಳಿಸುತ್ತದೆ; "ನೀರೊಳಗಿರ್ದುಂ ಬೆಮರ್ತನುರಗಪತಾಕಂ". ಶಾಲೆಯಲ್ಲಿ ಬಾಯಿಪಾಠ ಮಾಡಿದ ಸಾಲು ಇದು. ಬಾಣಕ್ಕೆ ಹೆದರಿ ನೀರಿಗಿಳಿದವನಲ್ಲ ಅವನು, ಆದರೆ ಬೈಗುಳ ಕೇಳಿ ಮೇಲಕ್ಕೆ ಬಂದ. ಮಾತಿಗೆ ಮಾತು ಕೊಡದೆ ಬದುಕಿ ಉಳಿಯುವುದು ಅವನಿಂದಾಗಲಿಲ್ಲ.

ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ರನ್ನನ ಪದ್ಯಗಳಿಂದಲೇ 'ಗದಾಯುದ್ಧ ನಾಟಕಂ' ಕಟ್ಟಿದರು. ಗ್ರೀಕ್ ನಾಟಕಗಳನ್ನು ಅರೆದು ಕುಡಿದವರಿಗೆ ಚಂಪೂಕಾವ್ಯದೊಳಗೆ ಒಂದು ದುರಂತ ಮಲಗಿರುವುದು ಕಂಡಿತ್ತು. ನಾಗಚಂದ್ರನ ಜೈನ ರಾಮಾಯಣದ ರಾವಣನಲ್ಲೂ ಅವರು ದುರಂತ ನಾಯಕನನ್ನೇ ಗುರುತಿಸಿದ್ದರು. ಸೀತೆ ಮೂರ್ಛೆ ಹೋದದ್ದನ್ನು ಕಂಡು ಆ ರಾವಣನ ಮನಸ್ಸು ತಿರುಗುತ್ತದೆ. ಅವಳನ್ನು ಒಪ್ಪಿಸಿಬಿಡಬೇಕು ಅನಿಸುತ್ತದೆ, ಆದರೆ ರಾಮನನ್ನು ಯುದ್ಧದಲ್ಲಿ ಗೆದ್ದ ಮೇಲೆಯೇ ಒಪ್ಪಿಸಬೇಕು. ಆ 'ಆದರೆ'ಯಲ್ಲಿ ಲಂಕೆ ಮುಳುಗಿತು.

ಸಂಸ್ಕೃತ ನಾಟಕಕ್ಕೆ ನಾಯಕ ರಂಗದ ಮೇಲೆ ಸಾಯುವುದು ಒಗ್ಗದ ಸಂಗತಿ. ಅದಕ್ಕೊಂದು ದೊಡ್ಡ ಅಪವಾದ ಅಚ್ಚಾಗಿ ಹೊರಬಂದದ್ದು ನಾವು ಈಗ ಇರುವ ರಾಜ್ಯದಲ್ಲೇ ಎಂಬುದು ನನಗೆ ಸಣ್ಣದೊಂದು ಸಂತೋಷ. ಭಾಸನದೆಂದು ಹೇಳುವ ನಾಟಕಗಳ ತಾಳೆಗರಿಗಳು ವಿದ್ವಾಂಸ ಟಿ. ಗಣಪತಿ ಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ಆಗಿನ ತಿರುವಾಂಕೂರಿನ, ಈಗ ತಮಿಳುನಾಡಿಗೆ ಸೇರಿದ ಪದ್ಮನಾಭಪುರದ ಹತ್ತಿರ. 1912ರಿಂದ ತಿರುವನಂತಪುರದಲ್ಲಿ ಅಚ್ಚಾದವು. ಅವುಗಳಲ್ಲಿ 'ಊರುಭಂಗ'ದ ದುರ್ಯೋಧನ ತೊಡೆ ಮುರಿದು ಬಿದ್ದಿದ್ದಾನೆ. ಪುಟ್ಟ ಮಗ ದುರ್ಜಯ ಓಡಿ ಬಂದು ಎಂದಿನ ಹಾಗೆ ತೊಡೆಯೇರಲು ನೋಡುತ್ತಾನೆ. ಅಪ್ಪ ಬೇಡ ಅನ್ನಬೇಕು. ಆಮೇಲೆ ಮಗನಿಗೆ ಹೇಳುತ್ತಾನೆ, ಪಾಂಡವರನ್ನು ನನ್ನಂತೆಯೇ ಕಂಡು ಸೇವೆ ಮಾಡು ಎಂದು. ರನ್ನನ ಛಲದ ದುರ್ಯೋಧನನಿಗೂ ಇವನಿಗೂ ಸಂಬಂಧವೇ ಇಲ್ಲ ಅನಿಸುವಷ್ಟು ದೂರ. ಆದರೂ ಇಬ್ಬರಿಗೂ ಅವರವರ ಕವಿಗಳು ಕೊಟ್ಟದ್ದು ಒಂದನ್ನೇ: ಸಾಯುವ ಮೊದಲು ಬೇಕಾದಷ್ಟು ಹೊತ್ತು.

ಸತ್ತ ಮೇಲೂ ಹೊತ್ತು ಕೊಡುವ ಪದ್ಧತಿ ನಮ್ಮ ಜಿಲ್ಲೆಯಲ್ಲಿದೆ. ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋದರೆ ತೆಯ್ಯಂಗಳ, ಅಂದರೆ ವೇಷ ಕಟ್ಟಿ ಕುಣಿಯುವ ದೈವಗಳ ನಾಡು. ನೀಲೇಶ್ವರದ ಪಾಲಂದಾಯಿ ಕಣ್ಣನ್ ಎಂಬ ತೀಯ ಜಾತಿಯ ಹುಡುಗ ದೊಡ್ಡ ಮನೆಯ ಕುರುಪ್ಪನಲ್ಲಿ ದನ ಕಾಯುತ್ತಿದ್ದ. ಮರ ಹತ್ತಿ ಮಾವಿನಹಣ್ಣು ತಿನ್ನುವಾಗ ಕೈಜಾರಿದ ಹಣ್ಣು ಕುರುಪ್ಪನ ಸೊಸೆಯ ಮೇಲೆ ಬಿತ್ತು. ಕುರುಪ್ಪನ ಸಿಟ್ಟಿಗೆ ಹೆದರಿ ಜೀವ ಉಳಿಸಿಕೊಳ್ಳಲು ಮಂಗಳೂರಿಗೆ ಓಡಿದವನು ಅಲ್ಲೊಬ್ಬ ಮುದುಕಿಯ ಆಸರೆಯಲ್ಲಿ ನರಸಿಂಹನ ಭಕ್ತನಾದ. ವರ್ಷಗಳ ಮೇಲೆ ಊರು ನೆನಪಾಗಿ ಸುರಿಗೆ, ಕೊಡೆ ಹಿಡಿದು ಮರಳಿದ. ಕೆರೆಯಲ್ಲಿ ಮುಖ ತೊಳೆಯಲು ಇಳಿದವನನ್ನು ಕುರುಪ್ಪ ಕೊಂದ. ಆಮೇಲೆ ಕುರುಪ್ಪನ ಮನೆಗೆ ರೋಗ, ಸಾವು. ಜ್ಯೋತಿಷಿಯಲ್ಲಿ ಪ್ರಶ್ನೆ ಇಟ್ಟು ನೋಡಿದರೆ, ಕಣ್ಣನ ಜೊತೆ ಬಂದ ದೈವವನ್ನು ನಂಬಿದರೆ ಮಾತ್ರ ದಾರಿ ಎಂದು ಕಂಡಿತು. ಅವನೇ ಇಂದಿನ ವಿಷ್ಣುಮೂರ್ತಿ. ಸುಳ್ಯದ ಕಡೆಯವರಿಗೂ ಒತ್ತೆಕೋಲ ಅಂದರೆ ಅವನದ್ದೇ, ಕೆಂಡದ ರಾಶಿಗೆ ಬೀಳುವ ದೈವ. ಆ ದೈವ ಈಗ ನುಡಿ ಕೊಡುತ್ತದೆ. ದನ ಕಾಯುವಾಗ ಆ ಹುಡುಗನಿಗೆ ಎದುರು ಮಾತಾಡುವ ಹಕ್ಕು ಇರಲಿಲ್ಲ. ಈಗ ದೊಡ್ಡ ಮನೆಯವರು ಅವನ ಮುಂದೆ ಕೈಮುಗಿದು ನಿಂತು ಕೇಳುತ್ತಾರೆ.

ಗ್ರೀಕರ ಯೋಚನೆಯಲ್ಲಿ ದುರಂತ ಮುಗಿಯುವುದು ಬಿದ್ದಲ್ಲಿ. ನಮ್ಮ ನೆಲದಲ್ಲಿ ಬಿದ್ದವನಿಗೆ ಇನ್ನೊಂದು ವೇಷ ಕಟ್ಟಿ ಮತ್ತೆ ಮಾತಾಡಿಸುತ್ತಾರೆ. ಅನ್ಯಾಯ ಮಾಡಿದವರಿಗೆ ಇದು ಅಗ್ಗದ ಪರಿಹಾರ ಎಂದು ನನ್ನ ಭಾವ ವಾದಿಸುತ್ತಾರೆ, ಕೊಂದದ್ದಕ್ಕೆ ಶಿಕ್ಷೆ ಇಲ್ಲ, ವರ್ಷಕ್ಕೊಂದು ಕೋಲ ಕೊಟ್ಟರೆ ಮುಗಿಯಿತು ಅಂತ. ಅವರ ಮಾತನ್ನು ತಳ್ಳಿಹಾಕಲು ನನಗೆ ಕಷ್ಟ.

ಇನ್ನು ಸಿನಿಮಾ. ಇಲ್ಲಿನ ಕನ್ನಡ ಮನೆಗಳಲ್ಲಿ ಮಲಯಾಳಂ ಸಿನಿಮಾ ನೋಡಲು ಯಾರ ಸಹಾಯವೂ ಬೇಡ. 1989ರ 'ಕಿರೀಡಂ' ಆ ಕಾಲದ ಹುಡುಗರಿಗೆಲ್ಲ ಎದೆಗೆ ತಾಗಿದ ಚಿತ್ರ. ಲೋಹಿತದಾಸ್ ಬರೆದು ಸಿಬಿ ಮಲಯಿಲ್ ನಿರ್ದೇಶಿಸಿದ್ದು. ಹೆಡ್ ಕಾನ್‌ಸ್ಟೇಬಲ್ ಅಚ್ಯುತನ್ ನಾಯರಿಗೆ ಮಗ ಸೇತುಮಾಧವನ್ ಸಬ್ ಇನ್‌ಸ್ಪೆಕ್ಟರ್ ಆಗಬೇಕೆಂಬ ಆಸೆ. ಬೀದಿಯಲ್ಲಿ ಅಪ್ಪನಿಗೆ ಒಬ್ಬ ರೌಡಿ ಹೊಡೆಯುವುದನ್ನು ಕಂಡು ಮಗ ಕೈ ಎತ್ತುತ್ತಾನೆ. ಅಲ್ಲಿಂದ ಊರು ಅವನನ್ನೇ ರೌಡಿ ಮಾಡುತ್ತದೆ. ಕೊನೆಗೆ ಅದೇ ಬೀದಿಯಲ್ಲಿ ಕತ್ತಿ ಹಿಡಿದು ನಿಂತ ಮೋಹನ್‌ಲಾಲ್, ಕತ್ತಿ ಕೆಳಗೆ ಹಾಕು, ಹೇಳುತ್ತಿರುವುದು ನಿನ್ನ ಅಪ್ಪ ಎಂದು ಬೇಡುವ ತಿಲಕನ್. 

ಕರ್ಣನಿಗೆ ಇದ್ದ ಬಾಗಿಲು ಸೇತುವಿಗೆ ಇರಲಿಲ್ಲ. ಕೃಷ್ಣ ಬಂದು ಪಕ್ಕಕ್ಕೆ ಕರೆದು, ಬಾ, ರಾಜ್ಯ ನಿನ್ನದೇ ಅನ್ನಲಿಲ್ಲ. ಅದಕ್ಕಿಂತ ದೊಡ್ಡ ವ್ಯತ್ಯಾಸ, ಅವನಿಗೆ ಮಾತು ಕೊಟ್ಟಿಲ್ಲ. ಅವನು ಅಳುತ್ತಾನೆ ಅಷ್ಟೆ. ಅವನ ಬಗ್ಗೆ ಕೊನೆಯ ಮಾತು ಆಡುವುದು ಪೊಲೀಸ್ ಇಲಾಖೆ, ಅದೂ ಅಪ್ಪನ ಬಾಯಿಂದ: ಸೇತುಮಾಧವನ್ ಈ ಹುದ್ದೆಗೆ ಅರ್ಹನಲ್ಲ. ವಾಲಿಯ ಎದುರು ಕೂತಾಗ ಬರುವ ಹುಮ್ಮಸ್ಸು ಇಲ್ಲಿ ಬರುವುದಿಲ್ಲ, ಗಂಟಲು ಕಟ್ಟುತ್ತದೆ. ಸಿನಿಮಾ ಬಿಟ್ಟು ಬಂದ ಮೇಲೆ ನಾವೇ ಅವನ ಅರ್ಥ ಹೇಳತೊಡಗುತ್ತೇವೆ. ಅವತ್ತು ಸುಮ್ಮನೆ ನಿಂತಿರಬೇಕಿತ್ತಾ? ಅಪ್ಪನಿಗೆ ಹೊಡೆಯುವಾಗ? ನೀನಾದರೆ ಏನು ಮಾಡುತ್ತಿದ್ದೆ? ಪರದೆಯ ಮೇಲೆ ಬಾರದ ವಾದ ಚಹಾ ಅಂಗಡಿಯಲ್ಲಿ ನಡೆಯುತ್ತದೆ. ಕನ್ನಡದಲ್ಲಿ ಇದೇ ಕಥೆ 'ಮೋಡದ ಮರೆಯಲ್ಲಿ' ಆಗಿ ಬಂತು. ನಮ್ಮ ಊರಲ್ಲಿ ಮೊದಲನೆಯದರ ಗುಂಗು ಇಳಿದಿರಲಿಲ್ಲ.

ಇಲ್ಲಿ ಒಂದು ಅಪಾಯದ ಬಗ್ಗೆ ಹೇಳಲೇಬೇಕು. ಸೋತವನ ಮಾತು ಇಷ್ಟವಾಗುತ್ತಾ ಆಗುತ್ತಾ ಸೋಲೇ ಒಂದು ಪದವಿ ಆಗಿಬಿಡಬಹುದು. ಕಾಸರಗೋಡಿನ ಕನ್ನಡಿಗರಾದ ನಮಗೆ ಇದರ ರುಚಿ ಚೆನ್ನಾಗಿ ಗೊತ್ತು. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿದೆವು. 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಚಂದ್ರಗಿರಿಯ ಬಡಗು ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಲಿ ಎಂದಿತು. ವರದಿ ಕಪಾಟಿನಲ್ಲಿ ಉಳಿಯಿತು. ನಮ್ಮ ಸಭೆಗಳಲ್ಲಿ ಇದನ್ನು ಹೇಳುವ ಭಾಷಣಕಾರರು ನಿಧಾನಕ್ಕೆ ಕರ್ಣನ ಧಾಟಿಗೆ ಹೊರಳುವುದನ್ನು ಕೇಳಿದ್ದೇನೆ: ಹೆತ್ತವಳು ಒಬ್ಬಳು, ಸಾಕಿದವಳು ಒಬ್ಬಳು. ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ಬಂದಾಗ ಅರ್ಜಿ ಹಿಡಿದು ಅಲೆಯುವ ನಾಲ್ಕು ಜನ ಪೋಷಕರಿಗೆ ಈ ಧಾಟಿಯಿಂದ ಉಪಯೋಗ ಇಲ್ಲ. ಅವರಿಗೆ ಬೇಕಾದ್ದು ಆದೇಶದ ಪ್ರತಿ.

ಮಂಜೇಶ್ವರದ ಗೋವಿಂದ ಪೈಗಳು ಏಕಲವ್ಯನ ಮೇಲೆ 'ಹೆಬ್ಬೆರಳು' ಬರೆದರು, ಕ್ರಿಸ್ತನ ಕೊನೆಯ ದಿನದ ಮೇಲೆ 'ಗೊಲ್ಗೊಥಾ' ಬರೆದರು. ಮದರಾಸು ಸರಕಾರ ರಾಷ್ಟ್ರಕವಿ ಎಂದು ಕರೆದ ಮನುಷ್ಯ ಗೆದ್ದವರ ಅರಮನೆಗಳಿಗಿಂತ ಇಂಥ ಕಡೆ ಹೆಚ್ಚು ಹೊತ್ತು ನಿಂತದ್ದು ನನಗೆ ಹಿತ. ಅವರಿಗೆ ಸೋಲು ಆಭರಣವಾಗಿರಲಿಲ್ಲ.

ಈ ಬರಹದ ಬಗ್ಗೆ ದೊಡ್ಡಮ್ಮನ ಹತ್ತಿರ ಮಾತಾಡಿದೆ. ಪ್ರಾಯದಲ್ಲಿ ಅಪ್ಪನ ಜೊತೆ ಕೂಟಗಳಿಗೆ ಹೋಗಿ ಬಾಗಿಲ ಹಿಂದೆ ಕೂತು ಕೇಳಿದವರು. ನಾನು ಕುಮಾರವ್ಯಾಸನ ಕರ್ಣನನ್ನು ಹೊಗಳುತ್ತಿದ್ದೆ. ತನ್ನ ಹುಟ್ಟಿನ ಗುಟ್ಟು ಕೃಷ್ಣನಿಂದ ತಿಳಿದ ಗಳಿಗೆಯಲ್ಲಿ, ಕೊರಳ ಸೆರೆ ಬಿಗಿದು ಕಣ್ಣೀರು ನುಗ್ಗುವಾಗ, ಅವನ ಮನಸ್ಸಿಗೆ ಬಂದದ್ದು "ಅಕಟಾ ಕುರುಪತಿಗೆ ಕೇಡಾದುದು" ಎಂಬ ಮಾತು. ತನಗೆ ಏನಾಯಿತು ಅಂತ ಅಲ್ಲ, ಗೆಳೆಯನಿಗೆ ಏನಾಗುತ್ತದೆ ಅಂತ. ಇಂಥವನನ್ನು ಹೇಗೆ ಬಿಟ್ಟುಕೊಡುವುದು?

ದೊಡ್ಡಮ್ಮ ಅಡಿಕೆ ಕತ್ತರಿಸುತ್ತಾ ಕೇಳಿದರು, "ಅಷ್ಟು ಮಾತು ಬರುವವ ಅಲ್ವಾ, ಆ ದಿನ ಸಭೆಯಲ್ಲಿ ಎಂತ ಹೇಳಿದ ಅಂತ ನಿನಗೆ ಗೊತ್ತುಂಟಾ?"

ಗೊತ್ತುಂಟು. ಪಗಡೆಯಾಟದ ಆ ಸಭೆಯಲ್ಲಿ ದುರ್ಯೋಧನನ ತಮ್ಮಂದಿರಲ್ಲಿ ವಿಕರ್ಣನೊಬ್ಬ ಎದ್ದು, ದ್ರೌಪದಿಯ ಪ್ರಶ್ನೆಗೆ ಉತ್ತರ ಕೊಡಿ, ಅವಳು ಸೋತವಳಲ್ಲ ಎಂದಿದ್ದ. ಅವನನ್ನು ಚಿಕ್ಕವನು ಎಂದು ಗದರಿ ಕೂರಿಸಿದ್ದು ಕರ್ಣ. ಅವಳ ಸೀರೆಗೆ ಕೈ ಹಾಕು ಎಂದು ದುಃಶಾಸನನಿಗೆ ಹೇಳಿದ್ದೂ ಕರ್ಣ. ತನ್ನನ್ನು ಮೊದಲು ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿತ್ತು ಎಂಬ ಅವಳ ಪ್ರಶ್ನೆಗೆ ಸಭೆಯ ಹಿರಿಯರು ನೇರ ಉತ್ತರ ಕೊಡಲೇ ಇಲ್ಲ. ಇಡೀ ಭಾರತದಲ್ಲಿ ಸೋತವರು ಕೇಳಿದ ಪ್ರಶ್ನೆಗಳಲ್ಲಿ ಅದರಷ್ಟು ಚೂಪಾದದ್ದು ಇನ್ನೊಂದಿಲ್ಲ. ಆದರೆ ದುರಂತ ನಾಯಕರ ಪಟ್ಟಿ ಮಾಡುವಾಗ ಅವಳ ಹೆಸರು ನಮ್ಮ ಬಾಯಿಗೆ ಬರುವುದಿಲ್ಲ. ವಾಲಿಯ ಕಥೆಯಲ್ಲೂ ಅಷ್ಟೇ. ಯುದ್ಧಕ್ಕೆ ಹೋಗಬೇಡ ಎಂದು ತಡೆದವಳು ತಾರೆ, ಅವಳ ಬುದ್ಧಿ ಸರಿಯಿತ್ತು. ಕೂಟದಲ್ಲಿ ಅವಳ ಅರ್ಥ ಮುಗಿಯುವುದು ಬೇಗ.

ಸೋಲದೆ ನಾನು ಹೇಳಿದೆ: ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಕರ್ಣ ಕೃಷ್ಣನ ಹತ್ತಿರ ಪಶ್ಚಾತ್ತಾಪ ಪಡುತ್ತಾನೆ ದೊಡ್ಡಮ್ಮ, ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ಕಟುವಾಗಿ ಆಡಿದೆ, ಅದಕ್ಕೆ ಈಗ ಬೇಯುತ್ತಿದ್ದೇನೆ ಅನ್ನುತ್ತಾನೆ.

"ಪಾಂಡವರಿಗೆ ಆಡಿದ್ದಕ್ಕೆ," ಅಂದರು ದೊಡ್ಡಮ್ಮ. "ಅವಳಿಗೆ ಆಡಿದ್ದಕ್ಕೆ?"

ಕರ್ಣಪರ್ವದ ಕೂಟಗಳಲ್ಲಿ ಸಾಮಾನ್ಯವಾಗಿ ಶಲ್ಯ ಇರುತ್ತಾನೆ, ಅರ್ಜುನ, ಕೃಷ್ಣ ಇರುತ್ತಾರೆ. ರಥದ ಗಾಲಿ ಹೂತಾಗ ಕರ್ಣ ಧರ್ಮ ಕೇಳುತ್ತಾನೆ, ಕೃಷ್ಣ ಆ ಸಭೆಯನ್ನು ನೆನಪಿಸುತ್ತಾನೆ. ಒಳ್ಳೆಯ ಅರ್ಥಧಾರಿಯಾದರೆ ಕರ್ಣ ಅದಕ್ಕೂ ಏನಾದರೊಂದು ಉತ್ತರ ಹೊಂದಿಸಿ ಕೇಳುವವರ ಕಣ್ಣು ಒದ್ದೆ ಮಾಡುತ್ತಾನೆ. ಮುಂದಿನ ಸಲ ನಮ್ಮೂರಲ್ಲಿ ಕೂಟ ಏರ್ಪಾಡಾದರೆ ಕರ್ಣನ ಎದುರಿಗೆ ದ್ರೌಪದಿಯನ್ನು ಕೂರಿಸಬಹುದೇ ಎಂದು ಭಾಗವತರೊಬ್ಬರನ್ನು ಕೇಳಿ ನೋಡಿದೆ. "ಪ್ರಸಂಗದಲ್ಲಿ ಅಲ್ಲಿ ಅವಳಿಗೆ ಪದ ಇಲ್ಲವಲ್ಲ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನೀವು ಎರಡು ಪದ ಬರೆದು ತನ್ನಿ, ಛಂದಸ್ಸು ಸರಿ ಇದ್ದರೆ ಹಾಡುವ," ಎಂದರು. ಭಾಮಿನಿ ಷಟ್ಪದಿಯಲ್ಲಿ ಒಂದು ಬರೆದಿದ್ದೇನೆ. ಎರಡನೆಯದರ ಮೂರನೇ ಸಾಲು ಕೂರುತ್ತಿಲ್ಲ.